ಅಂಗಾಲಿನ ಪಂದ್ಯ

ಮಾರ್ಚ್ 4
ಇವತ್ತೂ ಸತ್ತೆ. ಸೋಫಾ ಮೇಲೆ, ನಾಲಿಗೆ ಹೊರಚಾಚಿ, ಅತ್ಯಂತ ಘನತೆಯಿಂದ. ತಂಗಿ ಚಿಟ್ಟಿ ನಿಯಮದಂತೆ ಅಂಗಾಲಿಗೆ ಕಚಗುಳಿ ಇಟ್ಟಳು. ಕಾಲು ಅಲುಗಿದರೆ ನಾನು ಸೋತೆ. ಅಲುಗಲಿಲ್ಲ. ಈತನಕ ಒಮ್ಮೆಯೂ ಸೋತಿಲ್ಲ.
ಅಡುಗೆಮನೆಯಿಂದ ಅಮ್ಮ: "ಹೆಣಕ್ಕೆ ಕಾಫಿ ಬೇಕಾ?"
ಹೆಣ ಎದ್ದು ಕುಡಿಯಿತು.

ಮಾರ್ಚ್ 9
ಮೆಟ್ಟಿಲು ಹತ್ತುವಾಗ ಎದೆ ಮೇಲೆ ಯಾರೋ ಕೂತ ಹಾಗಾಯ್ತು. ಅಲ್ಲೇ ಕುಸಿದೆ. ಪಕ್ಕದ ಮನೆಯವರು ನಕ್ಕರು — ನನ್ನ ಕೀರ್ತಿ ಅಂಥದ್ದು. ಚಿಟ್ಟಿ ಬಂದು ಚಪ್ಪಲಿ ಬಿಚ್ಚಿ ಕಚಗುಳಿ ಇಟ್ಟಳು. ಕಾಲು ಎಳ್ಕೊಂಡೆ.
"ಅಮ್ಮಾ, ಅಣ್ಣ ಸೋತ. ಬೇಗ ಬಾ."

ಮಾರ್ಚ್ 13, ಆಸ್ಪತ್ರೆ
ಆಂಜಿಯೋಗ್ರಾಂ. ಮಣಿಕಟ್ಟಿನಿಂದ ಸಣ್ಣ ನಳಿಕೆ ತೂರಿಸಿ ಬಣ್ಣ ಬಿಟ್ಟರು. ಹೃದಯಕ್ಕೆ ರಕ್ತ ಕೊಡುವ ನಾಳ ಒಂದು ಕಡೆ ಬಲೂನಿನ ಹಾಗೆ ಉಬ್ಬಿದೆ. ಅನ್ಯೂರಿಸಂ. ಒಳಗೆ ರಕ್ತ ಹೆಪ್ಪುಗಟ್ಟಿ ದಾರಿ ಮುಕ್ಕಾಲು ಮುಚ್ಚಿದೆ.
ಡಾಕ್ಟರ್ ಅಮ್ಮನ್ನ ಕೇಳಿದರು: "ಚಿಕ್ಕವನಿದ್ದಾಗ ವಾರಗಟ್ಟಲೆ ಜ್ವರ ಬಂದಿತ್ತಾ? ಕಣ್ಣು ಕೆಂಪಗಾಗಿ, ಬೆರಳ ತುದಿ ಸುಲಿದು?"
"ಸುಲಿದಿತ್ತು," ಅಂದಳು ಅಮ್ಮ. "ಮಣ್ಣಲ್ಲಿ ಆಡಿ ಹಾಗಾಯ್ತು ಅಂತ ಬೈದಿದ್ದೆ."
ಆ ಜ್ವರದಲ್ಲೇ ನಾಳ ಉಬ್ಬಿದ್ದಂತೆ. ಆಗಲೇ ಗೊತ್ತಾಗಿದ್ದರೆ ಔಷಧಿ ಇತ್ತಂತೆ. ಅಮ್ಮ ನನ್ನ ಬೆರಳುಗಳನ್ನ ಒಂದೊಂದಾಗಿ ಹಿಡಿದು ನೋಡಿದಳು.
ಜೋಕು ಹೊಳೆಯಲಿಲ್ಲ.

ಮಾರ್ಚ್ 20
ಮಹಾಜನರ ಗಮನಕ್ಕೆ: ನಾಳೆ ಬೈಪಾಸ್ ಕಾಮಗಾರಿ. ಎದೆ ತೆರೆದು, ಅಲ್ಲಿನದೇ ಇನ್ನೊಂದು ನಾಳ ಜೋಡಿಸಿ, ಮುಚ್ಚಿದ ಜಾಗ ಬಿಟ್ಟು ರಕ್ತಕ್ಕೆ ಬೇರೆ ದಾರಿ. ಸಂಚಾರಕ್ಕೆ ಆಗುವ ಅಡಚಣೆಗೆ ವಿಷಾದಿಸುತ್ತೇವೆ.
"ರಿಸ್ಕ್ ಇದೆ," ಅಂದರು ಡಾಕ್ಟರ್. "ಮಾಡದೆ ಬಿಟ್ಟರೆ ಇನ್ನೂ ಜಾಸ್ತಿ."
ಅಮ್ಮ ಕ್ಯಾಂಟೀನಿಗೆ ಅಂತ ಹೋದವಳು ಬರಿಗೈಯಲ್ಲಿ ವಾಪಸ್ ಬಂದಳು. ಮುಖ ತೊಳೆದುಕೊಂಡಿದ್ದಳು.

ಮಾರ್ಚ್ 21, ಬೆಳಿಗ್ಗೆ 6
ಚಿಟ್ಟಿ ಮಂಚದ ತುದಿಯಲ್ಲಿ. ಆಪರೇಷನ್ ಆದ್ಮೇಲೂ ತುಂಬ ಹೊತ್ತು ಮಲಗಿಸಿರ್ತಾರೆ, ಬಾಯಲ್ಲಿ ಪೈಪ್ ಇರತ್ತೆ, ಹೆದರ್ಕೋಬೇಡ ಅಂದೆ.
"ಮುಟ್ಟಬಹುದಾ?"
"ಅಂಗಾಲು ಮಾತ್ರ. ಈ ಸಲವೂ ನಾನು ಸೋಲ್ತೀನಿ. ಮಾತು ಕೊಡ್ತೀನಿ."
"ಮೋಸ ಮಾಡಬಾರ್ದು, ಅಣ್ಣ."
"ಇಲ್ಲ ಕಣೇ."
ನನ್ನ ಹೊದಿಕೆ ಎಳೆದು ಪಾದ ಮುಚ್ಚಿದಳು. ಆಮೇಲೆ ಮೆಲ್ಲಗೆ, "ಅಲುಗದೆ ಇದ್ರೆ?"
ಕೇಳಿಸದವನ ಹಾಗೆ ಬರೀತಾ ಕೂತಿದ್ದೀನಿ. ಇನ್ನೂ ನೋಡ್ತಾನೇ ಇದ್ದಾಳೆ. ಟ್ರಾಲಿ ಬಾಗಿಲಿಗೆ ಬಂತು. ಹೋಗೋ ಮುಂಚೆ ಅವಳಿಗೆ ಉತ್ತರ ಹೇಳ್ಬೇಕು. ಅಲುಗದೆ ಇದ್ರೆ —