ಐದು ಸೆಂಟಿಮೀಟರ್

ಅರಸೀಕೆರೆ
9 ನವೆಂಬರ್ 2025

ಪ್ರೀತಿಯ ಇಂದು,

ಮೈಸೂರಿನಲ್ಲಿ ಚಳಿ ಶುರುವಾಯಿತಂತೆ, ಹಾಸ್ಟೆಲಿನಲ್ಲಿ ಬಿಸಿನೀರಿಗೂ ಸರದಿಯಂತೆ. ನಿಮ್ಮಮ್ಮ ಸ್ವೆಟರ್ ಕಳಿಸಿದ್ದಾಳೆ. ನೀನು ಮೆಸೇಜ್ ಹಾಕಿ ಹದಿನೈದು ದಿನವಾಯಿತು. ಉತ್ತರ ಕೊಡದ್ದಕ್ಕೆ ಕೆಲಸದ ನೆಪ ಹೇಳುವುದಿಲ್ಲ. ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀನು "ಹೇಳಪ್ಪ" ಎಂದೆ, ನಾನು "ಊಟ ಆಯ್ತಾ" ಎಂದು ಕೇಳಿ ಇಟ್ಟುಬಿಟ್ಟೆ. ಕಾಗದದಲ್ಲಾದರೆ ಆ ಕಡೆ ಯಾರ ಉಸಿರೂ ಕೇಳಿಸುವುದಿಲ್ಲ.

ಇಲ್ಲಿ ಹೊಸದೇನಿಲ್ಲ. ಬೆಳಿಗ್ಗೆ ಮೈದಾನದಲ್ಲಿ ಸೀಟಿ ಊದಿದರೆ ತಲೆ ಸುತ್ತುತ್ತದೆ. ಪಿ.ಟಿ. ಮೇಷ್ಟ್ರ ಕೆಲಸ ಇನ್ನೂ ಆರು ವರ್ಷ ಬಾಕಿ ಇದೆ.

ಕಳೆದ ವಾರ ಚಿಕ್ಕಣ್ಣ ಕಾಯಿ ಕೀಳಲು ಬಂದಿದ್ದ. ಹಿತ್ತಲಿನ ಜೋಡಿ ಮರ ಹತ್ತಲು ಹೋದವನು ತಟ್ಟನೆ ಕಾಲು ತೆಗೆದ.

"ಇದೇನ್ ಸಾರ್, ಮರಕ್ಕೆ ಇಷ್ಟೊಂದು ಮೊಳೆ! ಪಾದ ಸೀಳೋಗ್ತದೆ. ಕಿತ್ತಾಕ್ಲಾ?"

"ಇರಲಿ ಬಿಡೋ. ನಮ್ಮ ಇಂದು ಹಾರೋಕೆ ಹೊಡೆದಿದ್ದು."

"ಪಾಪು ಈಗ ಎಲ್ಲಿ ಹಾರ್ತೈತೆ? ನೀವೇನ್ ಹಾರ್ತೀರಾ, ಈ ಹೊಟ್ಟೆ ಇಕ್ಕಂಡು?"

ಅಡುಗೆಮನೆಯಲ್ಲಿ ನಿಮ್ಮಮ್ಮ ನಕ್ಕಳು. ಅವನು ಹೋದ ಮೇಲೆ ನಾನು ಟೇಪ್ ತಂದು ಮೊಳೆಗಳನ್ನು ಅಳೆದೆ. ಎಷ್ಟಿದೆಯೆಂದು ಗೊತ್ತಿತ್ತು. ಆದರೂ ಅಳೆದೆ.

ಆ ಎರಡು ಮರಗಳ ನಡುವೆ ಬಿದಿರು ಕೋಲು, ಆಚೆಗೆ ತೆಂಗಿನ ನಾರು ತುಂಬಿದ ಗೋಣಿಚೀಲಗಳು. ನೀನು ಹೈಜಂಪ್ ಕಲಿತದ್ದೆಲ್ಲ ಅಲ್ಲೇ. ಪ್ರತಿ ಮೊಳೆಯ ಪಕ್ಕ ನಾನು ಬಿಳಿ ಬಣ್ಣದಲ್ಲಿ ಎತ್ತರ ಬರೆದಿದ್ದೆ. ಹತ್ತನೇ ಕ್ಲಾಸಿನಲ್ಲಿ ನೀನು ಒಂದು ಮೀಟರ್ ಮೂವತ್ತಕ್ಕೆ ಬಂದು ಒಂದು ತಿಂಗಳು ಸಿಕ್ಕಿಕೊಂಡೆ. ಓಡಿಬರುತ್ತಿದ್ದೆ, ಕೋಲಿಗಿಂತ ಮೊದಲು ಅಂಕಿ ನೋಡುತ್ತಿದ್ದೆ, ನಿಲ್ಲುತ್ತಿದ್ದೆ. ಒಂದು ಭಾನುವಾರ ನೀನು ಬಾಣಾವರಕ್ಕೆ, ಅಜ್ಜಿಯ ಮನೆಗೆ ಹೋಗಿದ್ದಾಗ ಮೊಳೆಗಳನ್ನೆಲ್ಲ ಕಿತ್ತು ಐದು ಸೆಂಟಿಮೀಟರ್ ಮೇಲೆ ಹೊಡೆದೆ. ಹಳೆಯ ಅಂಕಿಗಳನ್ನು ಕೆರೆದು, ಅವೇ ಅಂಕಿಗಳನ್ನು ಮೊಳೆಯ ಜೊತೆ ಮೇಲಕ್ಕೆ ಬರೆದೆ. ಸೋಮವಾರ ನೀನು ಒಂದು ಇಪ್ಪತ್ತೈದು ಹಾರಿದೆ. ಅದು ನಿಜವಾಗಿ ಒಂದು ಮೂವತ್ತು. ಆಯುಧಪೂಜೆಯ ಹೊತ್ತಿಗೆ ಒಂದು ನಲವತ್ತು ಎಂದು ಬರೆದ ಮೊಳೆಯನ್ನೂ ದಾಟಿದೆ. ಟೇಪಿನ ಪ್ರಕಾರ ಒಂದು ನಲವತ್ತೈದು.

ನನ್ನ ಜಾಣತನದ ಬಗ್ಗೆ ನನಗೆ ಹೆಮ್ಮೆಯಿತ್ತು. ಬೇಲೂರಿನ ಪಂದ್ಯಕ್ಕೆ ಮುಂಚೆ ಹೇಳಬೇಕೆಂದಿದ್ದೆ. ಹೇಳಿದರೆ ಮತ್ತೆ ಅಂಕಿ ನೋಡಲು ಶುರುಮಾಡುತ್ತೀಯೆಂದು ಸುಮ್ಮನಾದೆ.

ಅಲ್ಲಿ ಒಂದು ನಲವತ್ತನ್ನು ನೀನು ನಾಲ್ಕು ಬೆರಳು ಜಾಗ ಬಿಟ್ಟು ಹಾರಿದೆ. ಕೊನೆಗೆ ಉಳಿದವರು ಇಬ್ಬರೇ, ನೀನು ಮತ್ತು ಹಳೇಬೀಡಿನ ನಯನಾ. ಮೈಕಿನಲ್ಲಿ ಒಂದು ನಲವತ್ತೈದು ಎಂದು ಕೂಗಿದರು. ನೀನು ನನ್ನ ಕಡೆ ನೋಡಿದೆ. ಮೊದಲ ಸಲ ಹಾರದೆ ಕೋಲಿನ ಕೆಳಗೇ ಓಡಿಹೋದೆ. ಎರಡನೆಯ ಸಲವೂ ಹಾಗೇ. ಮೂರನೆಯದಕ್ಕೆ ಮುಂಚೆ ನನ್ನ ಬಳಿ ಬಂದು ಏನೋ ಕೇಳಿದೆ, ನಾನು ಏನೋ ಹೇಳಿದೆ. ನೀನು ಮತ್ತೆ ಕೆಳಗೇ ಹೋದೆ. ನಯನಾ ಹಾರಿದಳು. ವಾಪಸ್ ಬರುವಾಗ ಬಸ್ಸಿನಲ್ಲಿ ನೀನು ಶೂಗಳನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿ ಪಕ್ಕ ಕೂತಿದ್ದೆ. ಹಳೇಬೀಡು ದಾಟಿದ ಮೇಲೆ "ಅವಳಿಗೆ ಧೈರ್ಯ ಜಾಸ್ತಿ ಅಲ್ವಾಪ್ಪ?" ಎಂದೆ. ನಾನು ಹೂಂ ಎಂದೆ.

ಆಮೇಲೆ ನೀನು ಓಡಿದೆ, ಖೊಖೊ ಆಡಿದೆ, ಹಾರಲಿಲ್ಲ. ಈಗ ನನ್ನ ಹಾಗೇ ಪಿ.ಟಿ. ಟೀಚರ್ ಆಗಲು ಓದುತ್ತಿದ್ದೀಯ. ಮೆಸೇಜಿನಲ್ಲಿ ಬರೆದಿದ್ದೆಯಲ್ಲ: "ಕಾಲೇಜಿನವರು ಹೈಜಂಪಿಗೆ ಹೆಸರು ಕೊಡು ಅಂತಿದಾರೆ. ಕೊಡಲ್ಲ. ನಂದು ಒಂದು ನಲವತ್ತರ ಕಾಲು, ಅಷ್ಟೇ." ಅದನ್ನು ಓದಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ.

ಮಕ್ಕಳಿಗೆ ಆತ್ಮವಿಶ್ವಾಸ ತುಂಬಿ ಎಂದು ನಮ್ಮ ತರಬೇತಿಗಳಲ್ಲಿ ಹೇಳುತ್ತಾರೆ, ಚೀಲಕ್ಕೆ ನಾರು ತುಂಬುವ ಹಾಗೆ. ನಾನು ತುಂಬಿದ್ದು ನನ್ನ ಅಂಕಿಗಳ ಮೇಲಿನ ನಂಬಿಕೆಯನ್ನು. ನಿನ್ನ ಕಾಲಿಗೆ ಗೊತ್ತಿದ್ದದ್ದನ್ನು ನಿನಗೆ ತಿಳಿಯಗೊಡಲಿಲ್ಲ. ಅಂಕಿಗೆ ಹೆದರುತ್ತಿದ್ದವನು ಬಹುಶಃ ನಾನೇ.

ಮೊಳೆಗಳನ್ನು ಕೀಳಿಸಿಲ್ಲ. ಟೇಪ್ ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿದೆ, ಬಂದಾಗ ನೀನೇ ಅಳೆದು ನೋಡು. ಹೆಸರು ಕೊಡಲು ಇಪ್ಪತ್ತನೇ ತಾರೀಕಿನವರೆಗೆ ಸಮಯವಿದೆ ಎಂದಿದ್ದೆಯಲ್ಲ. ಕೊಡು ಎನ್ನಲು ನನಗೆ ಬಾಯಿಲ್ಲ. ಹಾರಿದರೂ ಬಿಟ್ಟರೂ ನಿನ್ನ ಮೊಣಕಾಲು ಗಟ್ಟಿಯಾಗಿರಲಿ, ನಿದ್ದೆ ಚೆನ್ನಾಗಿ ಬರಲಿ. ಸುಖವಾಗಿರು ಮಗಳೇ.

ನಿನ್ನ ಅಪ್ಪ
ಉಮಾಶಂಕರ್

ಕವರು ಅಂಟಿಸುವ ಮುಂಚೆ ಇನ್ನೊಂದು: ನೀನು ಬೇಲೂರಿನಲ್ಲಿ "ಏನೋ" ಕೇಳಿದೆ ಎಂದು ಮೇಲೆ ಬರೆದೆ. ಏನು ಕೇಳಿದೆಯೆಂದು ನನಗೆ ಚೆನ್ನಾಗಿ ನೆನಪಿದೆ. "ಅಪ್ಪ, ಇಷ್ಟನ್ನ ನಾನು ಯಾವತ್ತಾದ್ರೂ ಹಾರಿದೀನಾ?" ಎಂದೆ. ಪಕ್ಕದಲ್ಲೇ ನಯನಾಳ ಮೇಷ್ಟ್ರು ಕಲ್ಲೇಶಪ್ಪ ನಿಂತಿದ್ದರು. ಮಗಳಿಗೇ ಅಳತೆಯಲ್ಲಿ ಮೋಸ ಮಾಡಿದವನೆಂದು ಅವರ ಮುಂದೆ ಕಾಣಿಸಿಕೊಳ್ಳಲು ನಾಚಿಕೆಯಾಯಿತು. "ಇಲ್ಲಮ್ಮ, ಆದ್ರೆ ಇವತ್ತು ಹಾರ್ತೀಯ" ಎಂದುಬಿಟ್ಟೆ. ನೀನು ತಲೆಯಾಡಿಸಿ ಹೋದೆ.

ಹಾರಿದ್ದೀಯ ಕಣೇ. ಹನ್ನೊಂದು ಸಲ.