ಕೋಷ್ಟಕದ ಏಳನೇ ಸಾಲು

ಜನಕಪುರಿ, ನವದೆಹಲಿ
8 ಫೆಬ್ರವರಿ 2004

ಮೈ ಡಿಯರ್ ಅಪೂರ್ವಾ,

ಬೆಚ್ಚಗಿರು ಮಗಳೇ. ನಾರ್ವೆಯ ಆ ಚಳಿಗೆ ಇದಕ್ಕಿಂತ ದೊಡ್ಡ ಆಶೀರ್ವಾದ ನನಗೆ ತೋಚುತ್ತಿಲ್ಲ. ನಿನ್ನ ಪತ್ರ ಬಂದು ಐದು ವಾರವಾಯಿತು, ಎಕ್ಸ್‌ಕ್ಯೂಸ್ ದಿ ಡಿಲೇ. ಮೂರು ಸಲ ಬರೆದೆ, ಮೂರು ಸಲ ಹರಿದೆ. ಕೆಳಗಿನ ಮನೆಯ ಶಾರದಾ ಊಟ ಕಳಿಸುತ್ತಾರೆ. "ಅಂಕಲ್, ಡಬ್ಬಿ ಹಾಗೇ ವಾಪಸ್ ಬಂದ್ರೆ ನಾನು ಮಾತಾಡಲ್ಲ" ಎಂದು ಗದರಿದರು. ಈಗ ಅನ್ನವನ್ನು ಪಾರಿವಾಳಗಳಿಗೆ ಹಾಕಿ, ಡಬ್ಬಿ ತೊಳೆದು ಕೊಡುತ್ತೇನೆ. ಫೋನಿನ ಮೇಲೆ ಟವೆಲ್ ಹೊದಿಸಿದ್ದೇನೆ. "ಧೂಳಿಗಾ ಅಂಕಲ್?" ಎಂದರು. ಹ್ಞಾಂ, ಧೂಳಿಗೆ ಎಂದೆ.

ಫೋಟೋ ನೋಡಿದೆ. ಅಕ್ಟೋಬರ್ ಇಪ್ಪತ್ತೊಂಬತ್ತರ ಸಂಜೆಯ ನಿನ್ನ ಆಕಾಶ, ಅದರ ತುಂಬ ಧ್ರುವಪ್ರಭೆ. ಕೆಳಗೆ ಹಸಿರು, ಮೇಲೆ ಕೆಂಪು. ಮೂವತ್ತೆರಡು ವರ್ಷ ವೈರ್‌ಲೆಸ್ ಆಫೀಸಿನಲ್ಲಿ ಕೂತು ನಾನು ಅಂಕಿ ಬರೆದೆ, ಬಣ್ಣ ಕಂಡವಳು ನೀನು. ಸೂರ್ಯನ ಗಾಳಿ ಸದಾ ಬೀಸುತ್ತದೆ, ಆದರೆ ಅದರ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದಾಗಲೇ ಭೂಮಿಯ ಬಾಗಿಲು ಚೆನ್ನಾಗಿ ತೆರೆಯುವುದು ಎಂದು ತಟ್ಟೆಯ ಮುಂದೆ ನಿನಗೆ ಪಾಠ ಹೇಳುತ್ತಿದ್ದೆ. ನಿನ್ನಮ್ಮ, "ಸೂರ್ಯ ಸೀನಿದ್ರೆ ನಿಮ್ಮ ಆಫೀಸಿಗೆ ನೆಗಡಿ, ಅಷ್ಟೇ ತಾನೆ? ಮೊದ್ಲು ಮಗು ಉಣ್ಣಲಿ" ಎನ್ನುತ್ತಿದ್ದಳು.

ಅಷ್ಟೇ. ಶಾರ್ಟ್‌ವೇವ್ ಸಂಪರ್ಕ ಸತ್ತರೆ ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕಿತ್ತು. ತಪ್ಪು ನಮ್ಮದೇ ಆಗಿದ್ದರೂ ಕೆಲವೊಮ್ಮೆ "ಸೂರ್ಯ" ಎಂದು ಬರೆದು ಸಹಿ ಹಾಕುತ್ತಿದ್ದೆವು. ಸೂರ್ಯನನ್ನು ಕರೆಸಿ ವಿಚಾರಿಸುವವರು ಯಾರು? ಕಾಲೇಜಿನಲ್ಲಿ ಕಾಸ್ ಅಂಡ್ ಎಫೆಕ್ಟ್ ಎಂದು ಪ್ರಬಂಧ ಬರೆದಿದ್ದೆ. 'ನಥಿಂಗ್ ಹ್ಯಾಪನ್ಸ್ ವಿದೌಟ್...' ಮುಂದಿನದು ಮರೆತಿದೆ.

ಅಕ್ಟೋಬರಿನ ಆ ಸೌರ ಬಿರುಗಾಳಿಯ ಪರಿಣಾಮಗಳನ್ನು ಥೀಸಿಸ್ಸಿನಲ್ಲಿ ಕೋಷ್ಟಕ ಮಾಡಿದ್ದೀಯ. ಸ್ವೀಡನ್ನಿನ ಊರೊಂದರಲ್ಲಿ ಕರೆಂಟು ಹೋದದ್ದು, ವಿಮಾನಗಳು ದಾರಿ ಬದಲಿಸಿದ್ದು. ಏಳನೇ ಸಾಲು, ದೆಹಲಿಯಿಂದ ವಿದೇಶಕ್ಕೆ ಟೆಲಿಫೋನ್ ಸ್ಥಗಿತ. ಅಮ್ಮ ತೀರಿಹೋದ ಸಂಜೆ ನಿನಗೇಕೆ ತಿಳಿಸಲಿಲ್ಲ ಎಂದು ಕೇಳಿದಾಗ ನಾನು ಕೊಟ್ಟ ಕಾರಣ ಅದು. "ಕೇಬಲ್ ಲೈನ್ ಹಾಗೆಲ್ಲ ಸಾಯಲ್ಲ ಅಂತಾರೆ ಗೈಡ್. ನಮ್ಮಪ್ಪ ಇದೇ ಕೆಲಸದಲ್ಲಿ ಇದ್ದವನು, ಅವನು ಹೇಳಿದ್ರೆ ಮುಗೀತು ಅಂದೆ. ಪ್ಲೀಸ್ ಅಪ್ಪಾ, ಎಕ್ಸಾಕ್ಟ್ ಟೈಮ್ ಬರೆದು ಕಳಿಸು" ಎಂದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ.

ಥೀಸಿಸ್ ಚೆನ್ನಾಗಿ ಮುಗಿಯಲಿ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕಣ್ಣಿಗೆ ಇನ್ನೂ ಅನೇಕ ಬೆಳಕುಗಳು ಬೀಳಲಿ, ನನ್ನ ಪಾಲಿನವೂ ಸೇರಿ.

ನಿನ್ನ ಅಪ್ಪ,
ತಿಪ್ಪೇಸ್ವಾಮಿ

ಮರೆತ ಮಾತು: ಮರೆತದ್ದಲ್ಲ. ಏಳನೇ ಸಾಲು ಹೊಡೆದುಹಾಕು. ಬಿರುಗಾಳಿ ನಿಜ, ಫೋನು ಸರಿಯಿತ್ತು. ಬಿರುಗಾಳಿಯ ಸುದ್ದಿಯೇ ನನಗೆ ಫೋನಿನಲ್ಲಿ ಬಂತು. ಹಳೆಯ ಆಫೀಸಿನ ಈಶ್ವರಪ್ಪ ಆಸ್ಪತ್ರೆಯ ನರ್ಸಿನ ಮೇಜಿಗೆ ಫೋನ್ ಮಾಡಿ, "ಬಿರುಗಾಳಿಯ ಕೆ ಇಂಡೆಕ್ಸ್ ಒಂಬತ್ತು ಕಣಯ್ಯಾ! ಅದರ ಮೇಲೆ ಅಂಕಿಯೇ ಇಲ್ಲ. ನಿನ್ನ ಮಗಳ ಅದೃಷ್ಟ" ಎಂದ. ನಾನು ಹಿಗ್ಗಿಹೋದೆ. ವಾರ್ಡಿಗೆ ಬಂದರೆ ಅಮ್ಮ ಕಣ್ಣು ಬಿಟ್ಟಿದ್ದಳು. "ರೀ, ಅಪ್ಪೂಗೆ ಫೋನ್ ಮಾಡಿ, ಒಂದ್ಸಲ ದನಿ ಕೇಳ್ತೀನಿ." "ಇವತ್ತು ಬೇಡ ಕಣೇ, ಇಂಥ ಸಂಜೆ ಅವಳಿಗೆ ಮತ್ತೆ ಸಿಗಲ್ಲ. ನಾಳೆ ಮಾಡೋಣ" ಎಂದೆ. "ನಾಳೆ ಎಷ್ಟು ಗಂಟೆಗೆ?" ಎಂದಳು. ಮತ್ತೆ ಮಾತಾಡಲಿಲ್ಲ. ಆರಕ್ಕೆ ಹೋದಳು. ಆಸ್ಪತ್ರೆಯ ಎದುರಿಗೇ ಐಎಸ್‌ಡಿ ಬೂತ್. ಭಯ್ಯಾ ಗಿರಾಕಿಯಿಲ್ಲದೆ ಕಡಲೆಕಾಯಿ ಸುಲಿಯುತ್ತಿದ್ದ. ಎಲ್ಲ ಮುಗಿದು ಎರಡು ದಿನದ ಮೇಲೆ ಫೋನ್ ಮಾಡಿದಾಗ ನೀನು ಕೇಳಿದೆ, ರಿಜಿಸ್ಟರಿನ ರೂಢಿಯ ಕಾರಣವೇ ಬಾಯಿಗೆ ಬಂತು.

ನೀನು ಕೇಳಿದ ಎಕ್ಸಾಕ್ಟ್ ಟೈಮ್: ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಆಗ ಅವಳು ಕೇಳಿದ್ದು.