ಮೈಕ್ ತೆರೆದೇ ಇಟ್ಟ ಪ್ರಭುಲಿಂಗನಿಗೆ

ಪ್ರೀತಿಯ ಪ್ರಭುಲಿಂಗ,

ಭಾನುವಾರ ಕಾರ್ಯಕ್ರಮ ಮುಗಿದ ಮೇಲೆ ನೀನು ಊಟಕ್ಕೂ ನಿಲ್ಲದೆ ಸಿರುಗುಪ್ಪದ ಬಸ್ಸು ಹತ್ತಿಬಿಟ್ಟೆ. ಅದಕ್ಕೇ ಈ ಕಾಗದ. ಫೋನಿನಲ್ಲಾದರೆ ನನಗೆ ಧೈರ್ಯ ಸಾಲದು.

ನಮ್ಮ ವಾಹಿನಿಯ ‘ಸ್ವರಮಾಲೆ’ ಸಂಗೀತ ಪ್ರಶಸ್ತಿ ಸಮಾರಂಭ ಎಷ್ಟು ಸೊರಗಿತ್ತೆಂಬುದು ನಿನಗೆ ಗೊತ್ತಿಲ್ಲದ್ದೇನಲ್ಲ. ಭಾಷಣ, ಶಾಲು, ಹಾರ, ಮತ್ತೆ ಭಾಷಣ. ಗಾಯಕರು ಮೊದಲೇ ರೆಕಾರ್ಡ್ ಮಾಡಿದ ಹಾಡಿಗೆ ತುಟಿ ಆಡಿಸುತ್ತಿದ್ದರು. ಹೋದ ವರ್ಷವಂತೂ ಖಾಲಿ ಕುರ್ಚಿ ಕಾಣಬಾರದೆಂದು ಕ್ಯಾಮೆರಾವನ್ನು ಮುಂದಿನ ಎರಡು ಸಾಲು ದಾಟಿಸಲಿಲ್ಲ. ಚಪ್ಪಾಳೆಯನ್ನು ಹಳೆಯ ರೆಕಾರ್ಡಿಂಗಿನಿಂದ ತಂದು ಅಂಟಿಸಿದೆವು. ಮಾಲೀಕರಾದ ಚನ್ನಬಸವರಾಜ ಅವರು ಸಮಾರಂಭದ ಹೊಣೆ ಹೊತ್ತ ನನ್ನನ್ನು ಕರೆದು, “ಇದೊಂದ್ ಸಲ ನೋಡೂಣ್ರಿ. ಮಂದಿ ನೋಡಲಿಲ್ಲಂದ್ರ ಬಂದ್ ಮಾಡಿಬಿಡೂಣು” ಎಂದರು.

ಆಗ ನನಗೆ ಮೊದಲು ನೆನಪಾದವಳು ಕುಡತಿನಿಯ ಗಾಯಕಿ ನಾಗಲಕ್ಷ್ಮಿ. ನಾಲ್ಕು ವರ್ಷದ ಹಿಂದೆ ಸಮಾರಂಭಕ್ಕೆ ಬಂದಾಗ ಆಕೆಯ ಗಂಟಲು ಕಟ್ಟಿತ್ತು. “ಆದ್ರೂ ಹಾಡ್ತೀನ್ರಿ” ಎಂದಿದ್ದಳು. ಸೌಂಡ್ ನೋಡಿಕೊಳ್ಳುತ್ತಿದ್ದ ನೀನೂ “ಹಾಡ್ಲಿ ಬಿಡ್ರಿ ಅಕ್ಕಾರ” ಎಂದಿದ್ದೆ. ನಾನೇ ಹಟ ಮಾಡಿ ಆಕೆಯ ಮೈಕ್ ಬಂದ್ ಮಾಡಿಸಿ ರೆಕಾರ್ಡ್ ಹಾಕಿಸಿದೆ. ಅದು ನಡುವೆ ಸಿಕ್ಕಿಕೊಂಡಿತು. ಆಕೆ ಬಾಯಿ ಮುಚ್ಚಿ ನಿಂತಿದ್ದಳು, ಆಕೆಯ ದನಿ ಮಾತ್ರ ಒಂದೇ ಪದವನ್ನು ಮತ್ತೆ ಮತ್ತೆ ಹಾಡುತ್ತಿತ್ತು. ಆ ತುಣುಕು ನೋಡಿ ಜಿಲ್ಲೆಯೇ ನಕ್ಕಿತು. ಆಕೆ ಹಾಡುವುದನ್ನೇ ಬಿಟ್ಟಳು.

ಅಂದು ಮಾಲೀಕರು ಕೇಳಿದಾಗ ನಾನು, “ಸೌಂಡಿನವರ ಕಡೆಯಿಂದ ತಪ್ಪಾಗಿದೆ” ಎಂದೆ. ನೀನು ಅಲ್ಲೇ ಇದ್ದೆ. ಒಮ್ಮೆ ನನ್ನ ಮುಖ ನೋಡಿ, ಹೆಡ್‌ಫೋನನ್ನು ಮೇಜಿನ ಮೇಲಿಟ್ಟು ಹೊರಟುಹೋದೆ; ಮತ್ತೆ ಕೆಲಸಕ್ಕೆ ಬರಲಿಲ್ಲ.

ಈ ಸಲ ಭಾಷಣವಿಲ್ಲ, ರೆಕಾರ್ಡ್ ಇಲ್ಲ, ಎಲ್ಲರೂ ಅಲ್ಲೇ ನಿಂತು ಹಾಡಬೇಕು ಎಂದು ತೀರ್ಮಾನಿಸಿದೆ. ದೊಡ್ಡ ಹಾಲ್ ಬಿಟ್ಟು ಸತ್ಯನಾರಾಯಣಪೇಟೆಯ ಶಾಲೆಯ ಅಂಗಳ ಹಿಡಿದೆ. ಆಮೇಲೆ ಕುರುಗೋಡಿಗೆ ಹೋದೆ. ನಾಗಲಕ್ಷ್ಮಿ ಈಗ ಅಲ್ಲಿ ಚಿಕ್ಕಮಕ್ಕಳ ಟೀಚರ್. ಮಕ್ಕಳಿಗೆ ಪದ್ಯವನ್ನೂ ರಾಗವಿಲ್ಲದೆ ಓದಿ ಹೇಳುತ್ತಿದ್ದಳು. “ಮೊದಲ ಹಾಡು ನಿನ್ನದೇ ಆಗಬೇಕು” ಎಂದು ನಾನು ಕೇಳಿದಾಗ ಆಕೆ, “ಆ ಸೌಂಡಿನ ಅಣ್ಣಾರು ಇದ್ರ ಬರ್ತೀನ್ರಿ. ಅವತ್ತು ನನ್ನ ಪರ ಮಾತಾಡಿದ್ದು ಅವ್ರೊಬ್ರ” ಎಂದಳು.

ಹೀಗೆ ಸಿರುಗುಪ್ಪದ ನಿನ್ನ ಸೌಂಡ್ ಅಂಗಡಿಗೆ ಬಂದೆ. ಮದುವೆ ಮನೆಗೆ ಸ್ಪೀಕರ್ ಹೇರುತ್ತಿದ್ದ ನೀನು ಎಲ್ಲ ಕೇಳಿ “ನೋಡೂಣ್ರಿ” ಎಂದೆ, ಅಷ್ಟೆ. ಭಾನುವಾರ ಬೆಳಗ್ಗೆ ಆರಕ್ಕೆ ಅಂಗಳದಲ್ಲಿ ವೈರು ಎಳೆಯುತ್ತಿದ್ದ ನಿನ್ನನ್ನು ಕಂಡಾಗ ನನ್ನ ಕಣ್ಣು ತುಂಬಿ ಬಂತು.

ಕಾರ್ಯಕ್ರಮ ಶುರುವಾಯಿತು; ನಾಗಲಕ್ಷ್ಮಿ ಮೊದಲ ಹಾಡಿನ ಎರಡನೇ ಸಾಲಿಗೇ ನಿಂತುಬಿಟ್ಟಳು. ನೇರ ಪ್ರಸಾರ. ಜಾಹೀರಾತು ಹಾಕಿಸಲು ನನ್ನ ಕೈ ಗುಂಡಿಯ ಮೇಲೆ ಹೋಗಿತ್ತು. ನೀನು ತಲೆ ಎತ್ತದೆ ಹೇಳಿದೆ: “ಮುಟ್ಟಬ್ಯಾಡ್ರಿ ಅಕ್ಕಾರ. ಉಸುರು ತಗಳಾಕತ್ಯಾಳ.”

ನಾನು ಕೈ ಹಿಂದೆ ತೆಗೆದೆ. ನಿಜ, ಮೈಕಿನಲ್ಲಿ ಆಕೆಯ ಉಸಿರು ಕೇಳುತ್ತಿತ್ತು. ಅದರ ಹಿಂದೆಯೇ ದನಿ ಬಂತು. ಮೊದಲು ನಡುಗುತ್ತ, ಆಮೇಲೆ ಅಂಗಳ ತುಂಬುವಂತೆ. ಕಾಂಪೌಂಡಿನ ಮೇಲೆ ಕುಳಿತವರೂ ಇಳಿದು ಬಂದರು. ಎಂಟು ಹಾಡು ಮುಗಿಯುವತನಕ ಯಾರೂ ಎದ್ದು ಹೋಗಲಿಲ್ಲ. ಮಾಲೀಕರು ನಗುತ್ತ, “ಮುಂದಿನ ವರ್ಷ ಇನ್ನೂ ದೊಡ್ಡ ಅಂಗಳ ಹುಡುಕ್ರಿ” ಎಂದರು.

ಕೊನೆಯಲ್ಲಿ ನಾನೇ ವೇದಿಕೆ ಹತ್ತಿ, ಅಂದಿನ ತಪ್ಪು ನನ್ನದೆಂದೂ ಅದನ್ನು ನಿನ್ನ ತಲೆಗೆ ಕಟ್ಟಿದ್ದೆನೆಂದೂ ಹೇಳಿದೆ. ನೀನು ವೈರು ಸುತ್ತುತ್ತಲೇ ಇದ್ದೆ.

ಅದೇ ಮಧ್ಯಾಹ್ನ ನಿಮ್ಮ ಅವ್ವ ಅಂಬಮ್ಮ ಫೋನ್ ಮಾಡಿದ್ದರು. ನನ್ನನ್ನು ಬಯ್ಯುತ್ತಾರೆಂದೇ ಅಂದುಕೊಂಡೆ. “ನಾಕು ವರ್ಸ ನಾನೂ ಮಗಂದ ತಪ್ಪು ಅಂತ ತಿಳಕೊಂಡಿದ್ನವ್ವಾ. ಇವತ್ತು ಟೀವ್ಯಾಗ ನೀ ಹೇಳಿದ್ದು ಕೇಳಿದೆ. ಮನಸು ಹಗುರಾತು ನೋಡು” ಎಂದು ಅತ್ತರು. ಹೆತ್ತ ತಾಯಿಯ ಮುಂದೆಯೂ ನೀನು ನನ್ನ ಹೆಸರು ಹೇಳಿರಲಿಲ್ಲ, ಪ್ರಭುಲಿಂಗ. ತಪ್ಪು ನನ್ನದೆಂದು ಊರಿಗೆಲ್ಲ ಹೇಳಿದೆ, ನಿನ್ನ ಕ್ಷಮೆಯನ್ನು ಮಾತ್ರ ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ: ನನ್ನನ್ನು ಕ್ಷಮಿಸು.

ನಿನ್ನ ಮನೆ ತಣ್ಣಗಿರಲಿ, ನಿನ್ನ ಕೈಗೆ ಒಳ್ಳೆಯ ಕೆಲಸವೇ ಸಿಗುತ್ತಿರಲಿ.

ನಿನ್ನನ್ನು ತಮ್ಮನೆಂದು ಕರೆಯುವ ಆಸೆಯಿರುವ,
ರಶ್ಮಿ
ಬಳ್ಳಾರಿ